ನೂರು ಮರ ಎಂದರೆ ಎಷ್ಟು ಮರ?

(ದತ್ತಿ ಉಪನ್ಯಾಸದ ಲಿಖಿತ ರೂಪ)



ಶಿರಸಿ, ಸಿದ್ದಾಪುರದವರ ಎದುರು ನಿಂತು ಕಾನಿನ ವರ್ಣನೆ ಮಾಡುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಅದಕ್ಕೆ ನಾನು ಕೈಹಾಕುವುದಿಲ್ಲ. ನಾನಿಲ್ಲಿಗೆ ತಂದಿರುವುದು ಒಂದು ಲೆಕ್ಕದ ತಕರಾರು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿದ್ದ ಒಂದು ಮರವನ್ನು 2000ನೇ ಇಸವಿಯಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ವಿಜ್ಞಾನಕ್ಕೆ ಹೊಸದೆಂದು ಗುರುತಿಸಿ, ಊರಿನ ಹೆಸರನ್ನೇ ಮರಕ್ಕಿಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಕಾಡುಗೇರಿನ ಬಳಗದ್ದು. ಮಾವು, ಗೋಡಂಬಿಗಳಿಗೂ ದೂರದ ನೆಂಟ. ಹೊನ್ನಾವರ–ಬೆಂಗಳೂರು ಹೆದ್ದಾರಿಯಲ್ಲಿ ದಿನವೂ ಬಸ್ಸು ಲಾರಿಗಳು ಓಡಾಡುವ ಕಾಡಿನೊಳಗೆ, ಇಪ್ಪತ್ತನೇ ಶತಮಾನ ಮುಗಿಯುವವರೆಗೂ ಒಂದು ದೊಡ್ಡ ಮರ ಹೆಸರಿಲ್ಲದೆ ನಿಂತಿತ್ತು ಎಂಬುದೇ ಯೋಚಿಸುವಂಥ ವಿಷಯ. ಈ ಮರದ ಬಗ್ಗೆ ಬರೆದವರು ಸಾಮಾನ್ಯವಾಗಿ ಒಂದು ಸಂಖ್ಯೆ ಹೇಳುತ್ತಾರೆ. ಕೆಲವೇ ಜೌಗುಗಳಲ್ಲಿ, ಬೆಳೆದ ಮರಗಳು ನೂರರ ಒಳಗೆ. ಆ ಎಣಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಇನ್ನೊಂದು ಜೌಗಿನಲ್ಲಿ ಹತ್ತು ಮರ ಹೊಸದಾಗಿ ಸಿಕ್ಕರೂ ನನ್ನ ತಕರಾರು ಹಾಗೇ ಉಳಿಯುತ್ತದೆ. ಕಾಂಡಗಳನ್ನು ಎಣಿಸಿದರೆ ಆ ಪ್ರಭೇದದ ಬಳಿ ಎಷ್ಟು ಬಂಡವಾಳ ಉಳಿದಿದೆ ಎಂದು ತಿಳಿಯುವುದಿಲ್ಲ. ಆದರೂ ನಮ್ಮ ಸಂರಕ್ಷಣೆಯ ಕಡತಗಳೆಲ್ಲ ಕಾಂಡದ ಎಣಿಕೆಯ ಮೇಲೆಯೇ ನಡೆಯುತ್ತಿವೆ.

ಮೊದಲು ಆ ಜಾಗದ ವಿಷಯ ನಾಲ್ಕು ಮಾತು. ನೀವು ರಾಮಪತ್ರೆ ಜಡ್ಡಿ ಎನ್ನುವುದನ್ನು ವಿಜ್ಞಾನಿಗಳು ಮಿರಿಸ್ಟಿಕಾ ಜೌಗು ಎನ್ನುತ್ತಾರೆ. ಕೇರಳದ ತಿರುವಾಂಕೂರು ಭಾಗದಿಂದ 1960ರಲ್ಲಿ ಮೊದಲ ವರದಿ ಬಂತು. ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಭಾರತದ ಕಾಡುಗಳನ್ನು ವಿಂಗಡಿಸುವಾಗ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಉತ್ತರ ಕನ್ನಡದ ಜಡ್ಡಿಗಳ ವಿವರವಾದ ಸಮೀಕ್ಷೆ ಬಂದದ್ದು 1990ರ ದಶಕದ ಕೊನೆಗೆ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರಿಂದ. ಗುಡ್ಡದ ಬುಡದಲ್ಲಿ ಹಳ್ಳ ಇನ್ನೂ ಹಳ್ಳವಾಗುವ ಮೊದಲು, ಸಮತಟ್ಟಾದ ಜಾಗದಲ್ಲಿ ನೀರು ಹರಿಯಲು ಸೋಮಾರಿತನ ಮಾಡುವಲ್ಲಿ ಜಡ್ಡಿ ಹುಟ್ಟುತ್ತದೆ. ಏಪ್ರಿಲ್ ತಿಂಗಳಲ್ಲೂ ಕಾಲಿಟ್ಟರೆ ಕೆಸರು. ಅಂಥ ಮಣ್ಣಿನಲ್ಲಿ ಗಾಳಿಯಿಲ್ಲ. ಹಾಗಾಗಿ ಅಲ್ಲಿನ ಮರಗಳು ಉಸಿರಿಗೆ ಬೇರೆ ದಾರಿ ಹುಡುಕಿಕೊಂಡಿವೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಡುತ್ತದೆ. ಜಿಮ್ನಕ್ರಾಂತೆರಾ ತನ್ನ ಬೇರನ್ನೇ ಮಂಡಿಯಂತೆ ಮಡಚಿ ಕೆಸರಿನಿಂದ ಮೇಲಕ್ಕೆ ಎತ್ತುತ್ತದೆ. ಈ ಬೇರುಗಳಿಗೆ ಒಣ ನೆಲ ಬೇಕಿಲ್ಲ. ಒಣ ನೆಲದ ಮರಗಳಿಗೆ ಈ ಕೆಸರು ಒಗ್ಗುವುದಿಲ್ಲ. ಜಡ್ಡಿಯಿಂದ ನೂರು ಮಾರು ಮೇಲೆ ಹತ್ತಿದರೆ ಕಾಡೇ ಬೇರೆ. ಮರಗಳ ಲೆಕ್ಕದಲ್ಲಿ ಒಂದೊಂದು ಜಡ್ಡಿಯೂ ಒಂದೊಂದು ದ್ವೀಪ, ಅದೂ ಬಹುಪಾಲು ಪುಟ್ಟ ದ್ವೀಪ. ದಕ್ಷಿಣ ಕೇರಳದಲ್ಲಿ ಉಳಿದ ಇಂಥ ಜೌಗನ್ನೆಲ್ಲ ಒಟ್ಟುಗೂಡಿಸಿದರೂ ಒಂದೂವರೆ ಚದರ ಕಿಲೋಮೀಟರಿನ ಆಸುಪಾಸು ಅಷ್ಟೇ.

ಇವನ್ನು ಉಳಿಕೆ ಕಾಡು ಎನ್ನುತ್ತೇವೆ, ಅಂದರೆ ಹಿಂದೆ ವಿಶಾಲವಾಗಿ ಹರಡಿದ್ದು, ಹವೆ ಬದಲಾದ ಮೇಲೆ ತಂಪು ಮೂಲೆಗಳಲ್ಲಿ ಮಾತ್ರ ಉಳಿದದ್ದು. ಇದಕ್ಕೆ ಪುರಾವೆ ಬೇಕಾದರೆ ಗುಜರಾತಿಗೆ ಹೋಗಿ. ಅಲ್ಲಿನ ವಸ್ತಾನ್ ಎಂಬಲ್ಲಿ ಕಂದು ಕಲ್ಲಿದ್ದಲ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಟು, ಕಲ್ಲಾಗಿ, ಒಳಗೆ ಕೀಟಗಳನ್ನು ಇಟ್ಟುಕೊಂಡು ಸಿಗುತ್ತದೆ. ಅದನ್ನು ಸುರಿಸಿದ್ದು ನಮ್ಮ ಧೂಪದ ಮರದ ಬಳಗದವು, ಅಂದರೆ ಮಳೆಕಾಡಿನ ಮರಗಳು. ಇಂದು ಕುರುಚಲು ಬೆಳೆಯುವ ನೆಲದಲ್ಲಿ ಅಂದು ಘಟ್ಟದಂಥ ಕಾಡಿತ್ತು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಜಡ್ಡಿಯ ಪತ್ರೆ ಮರಗಳು ಸೇರಿರುವ ಜಾಯಿಕಾಯಿಯ ಕುಟುಂಬ ಹೂಬಿಡುವ ಗಿಡಗಳ ಬಹಳ ಹಳೆಯ ಕವಲೊಂದಕ್ಕೆ ಸೇರಿದ್ದು ನಿಜ. ಅಷ್ಟನ್ನೇ ಹಿಡಿದು ಜಡ್ಡಿಯ ಮರಗಳೆಲ್ಲ ಹದಿನಾಲ್ಕು ಕೋಟಿ ವರ್ಷ ಹಳೆಯವು, ಡೈನೋಸಾರುಗಳನ್ನು ಕಂಡವು ಎಂದು ಭಾಷಣ ಬಿಗಿಯುವವರಿದ್ದಾರೆ. ಕವಲಿನ ವಯಸ್ಸು ಬೇರೆ, ಒಂದು ಪ್ರಭೇದದ ವಯಸ್ಸು ಬೇರೆ. ಈ ಕಾಡನ್ನು ಉಳಿಸಲು ಅದಕ್ಕೆ ಇಲ್ಲದ ವಯಸ್ಸನ್ನು ಹಚ್ಚಬೇಕಾಗಿಲ್ಲ.

ಒಂಟಿ ದ್ವೀಪಗಳಲ್ಲಿ ಹೀಗೆ ಸಿಕ್ಕಿಕೊಂಡ ಮರಗಳು ಇನ್ನೂ ಇವೆ. ಸಿಜಿಜಿಯಮ್ ಟ್ರಾವಂಕೋರಿಕಮ್ ನಿಮ್ಮ ನೇರಲೆಯ ಬಳಗದ್ದು. ಮಧೂಕಾ ಬೂರ್ಡಿಲೋನಿ ಹಿಪ್ಪೆಯ ಬಳಗದ್ದು. ಹೆಸರು ತಿರುವಾಂಕೂರಿನ ಅರಣ್ಯಾಧಿಕಾರಿ ಬೂರ್ಡಿಲನ್ ಅವರದು. ಇವೆರಡೂ ಪಾಲಕ್ಕಾಡು ಕಣಿವೆಯ ದಕ್ಷಿಣಕ್ಕೆ ಮಾತ್ರ ಎಂದು ಎಲ್ಲರೂ ನಂಬಿದ್ದರು. 2008ರಲ್ಲಿ ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಎರಡನ್ನೂ ಉತ್ತರ ಕನ್ನಡದ ಉಳಿಕೆ ಕಾಡುಗಳಲ್ಲಿ ಕಂಡು ವರದಿ ಮಾಡಿದರು. ನಡುವಿನ ಅಂತರ ನೂರಾರು ಕಿಲೋಮೀಟರ್. ಹಿಪ್ಪೆಯದೇ ಇನ್ನೊಂದು ನೆಂಟ ಮಧೂಕಾ ಇನ್ಸಿಗ್ನಿಸ್ ಅಳಿದೇಹೋಯಿತೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬರೆದಾಗಿತ್ತು. ಅದು ಕುಮಾರಧಾರೆಯ ದಡದಲ್ಲಿ ಮತ್ತೆ ಸಿಕ್ಕಿತು. ಇಂಥ ಸುದ್ದಿ ಬಂದಾಗ ಪತ್ರಿಕೆಗಳು ಸಂಭ್ರಮಿಸುತ್ತವೆ, ಸಂಭ್ರಮಿಸಬೇಕಾದ್ದೇ. ಸಂಭ್ರಮ ಇಳಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ: ಸಿಕ್ಕ ಮರಗಳು ಒಂದಕ್ಕೊಂದು ಏನಾಗಬೇಕು?

ಆ ಪ್ರಶ್ನೆ ಯಾಕೆ ಮುಖ್ಯ ಎಂಬುದಕ್ಕೆ ಇಟಲಿಯ ಸಿಸಿಲಿ ದ್ವೀಪದ ಒಂದು ಮರವನ್ನು ನೋಡಿ. ಝೆಲ್ಕೋವಾ ಎನ್ನುವುದು ಒಂದು ಕಾಲದಲ್ಲಿ ಯೂರೋಪಿನಲ್ಲೆಲ್ಲ ಹರಡಿದ್ದ ಮರಗಳ ಕುಲ. ಹಿಮಯುಗಗಳ ಏಟಿಗೆ ಅಲ್ಲಿಂದ ಬಹುಮಟ್ಟಿಗೆ ಕಾಣೆಯಾಯಿತು. 1991ರಲ್ಲಿ ಸಿಸಿಲಿಯ ಆಗ್ನೇಯಕ್ಕಿರುವ ಇಬ್ಲೆಯಿ ಬೆಟ್ಟಗಳಲ್ಲಿ ಅದರದೊಂದು ಗುಂಪು ಕಂಡಿತು. ಝೆಲ್ಕೋವಾ ಸಿಕುಲಾ ಎಂದು ಹೆಸರಾಯಿತು. 2009ರಲ್ಲಿ ಅದೇ ಬೆಟ್ಟಗಳಲ್ಲಿ ಇನ್ನೊಂದು ಗುಂಪು ಸಿಕ್ಕಿತು. ಕಾಂಡ ಎಣಿಸಿದರೆ ನೂರಾರು, ಎರಡನ್ನೂ ಸೇರಿಸಿದರೆ ಸಾವಿರ ದಾಟುವಷ್ಟು. ಡಿಎನ್‌ಎ ತೆಗೆದು ನೋಡಿದಾಗ ಮೊದಲ ಗುಂಪಿನಷ್ಟೂ ಒಂದೇ ಗಿಡ, ಎರಡನೇ ಗುಂಪಿನಷ್ಟೂ ಇನ್ನೊಂದೇ ಗಿಡ ಎಂದು ತಿಳಿಯಿತು. ಬೇರಿನಿಂದ ಬೇರಿಗೆ ಚಿಗುರಿ ಹರಡಿದ ಒಂದೇ ಜೀವ. ಅಲ್ಲಿ ಸಾವಿರ ಕಾಂಡ ಎಂದರೆ ಎರಡು ಮರ! ಅದೂ ಮೂರು ಪ್ರತಿ ಕ್ರೋಮೊಸೋಮುಗಳ ಗಿಡ. ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ.

ಇದು ದೂರದ ದೇಶದ ವಿಚಿತ್ರ ಎಂದು ನಗಬೇಡಿ. ನಮ್ಮ ಪಚ್ಚಬಾಳೆ, ನಂಜನಗೂಡಿನ ರಸಬಾಳೆಗಳೂ ಮೂರು ಪ್ರತಿಯವೇ. ಬೀಜವಿಲ್ಲ, ಕಂದು ಕಿತ್ತು ನೆಡುತ್ತೇವೆ. ನಂಜನಗೂಡಿನ ಸುತ್ತ ಎಷ್ಟೇ ಎಕರೆ ರಸಬಾಳೆ ಇದ್ದರೂ ಅದು ಒಂದೇ ಗಿಡದ ವಿಸ್ತಾರ. ಪನಾಮಾ ಸೊರಗು ರೋಗ ಬಂದಾಗ ತೋಟ ತೋಟವೇ ಮಲಗಿತು. ಒಂದು ಗಿಡಕ್ಕೆ ತಡೆಯಲಾಗದ್ದನ್ನು ಇನ್ನೊಂದು ತಡೆಯುವುದು ಹೇಗೆ? ಬಾಳೆಗಾದರೋ ರೈತನಿದ್ದಾನೆ, ಔಷಧವಿದೆ, ಅಂಗಾಂಶ ಕೃಷಿಯ ಸಸಿಯಿದೆ. ಇಬ್ಲೆಯಿ ಬೆಟ್ಟದ ಕುರುಚಲಿಗೆ ಯಾರಿದ್ದಾರೆ?

ಇನ್ನೂ ಕಷ್ಟದಲ್ಲಿರುವ ಒಂದು ಗಿಡವಿದೆ. 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬವರು ದಕ್ಷಿಣ ಆಫ್ರಿಕಾದ ನ್ಗೋಯೆ ಕಾಡಿನಲ್ಲಿ ಕಂಡ ಸೈಕ್ಯಾಡ್ ಗುಂಪಿನ ಒಂದು ಗಿಡ, ಎನ್ಸೆಫಲಾರ್ಟಸ್ ವುಡಿಯೈ. ಸಿಕ್ಕದ್ದು ಒಂದೇ ಬುಡ, ಅದು ಗಂಡು. ಅದರ ಕಂದುಗಳು ಇವತ್ತು ಜಗತ್ತಿನ ಹಲವು ಸಸ್ಯೋದ್ಯಾನಗಳಲ್ಲಿ ಚೆನ್ನಾಗಿಯೇ ಬೆಳೆದಿವೆ. ಎಲ್ಲವೂ ಗಂಡು. ಹೆಣ್ಣನ್ನು ಹುಡುಕುವವರು ಇನ್ನೂ ಹುಡುಕುತ್ತಿದ್ದಾರೆ.

ಗಂಡು, ಹೆಣ್ಣು ಎಂದೊಡನೆ ಇಲ್ಲಿರುವ ಜಾಯಿಕಾಯಿ ಬೆಳೆಗಾರರಿಗೆ ವಿಷಯ ಗೊತ್ತಾಗಿರಬೇಕು. ಬೀಜದ ಸಸಿ ನೆಟ್ಟು ಆರೇಳು ವರ್ಷ ನೀರುಣಿಸಿ, ಹೂ ಬಿಟ್ಟ ದಿನ ಅದು ಗಂಡೆಂದು ತಿಳಿದು ಕೊಡಲಿ ಎತ್ತಿದವರು ಈ ಸಭೆಯಲ್ಲೇ ಇದ್ದಾರೆ. ಅದಕ್ಕೇ ನೀವೀಗ ಹೆಣ್ಣು ಮರದ ಕಡ್ಡಿ ತಂದು ಕಸಿ ಮಾಡುತ್ತೀರಿ. ಜಡ್ಡಿಯ ಪತ್ರೆ ಮರಗಳೂ ಹೀಗೆಯೇ, ಗಂಡೇ ಬೇರೆ, ಹೆಣ್ಣೇ ಬೇರೆ. ಕಾಡಿನಲ್ಲಿ ಕಸಿ ಮಾಡುವವರಿಲ್ಲ. ಈಗ ಲೆಕ್ಕಕ್ಕೆ ಬರೋಣ. ತಳಿವಿಜ್ಞಾನದಲ್ಲಿ ಒಂದು ಸುಲಭ ಸೂತ್ರವಿದೆ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮರಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದು ವಂಶದ ಲೆಕ್ಕದಲ್ಲಿ ನಿಜವಾಗಿ ಇರುವ ಮರಗಳು. 50 ಗಂಡು, 50 ಹೆಣ್ಣು ಇದ್ದರೆ ನೂರಕ್ಕೆ ನೂರು. 90 ಗಂಡು, 10 ಹೆಣ್ಣು ಇದ್ದರೆ? 90 ಇಂಟು 10 ಇಂಟು 4, ಅಂದರೆ 3600. ನೂರರಿಂದ ಭಾಗಿಸಿದರೆ 36. ನೂರು ಮರ ಕಣ್ಣೆದುರು ನಿಂತಿವೆ, ಪುಸ್ತಕದಲ್ಲಿ ನೂರು ಎಂದೇ ಬರೆದಿದೆ, ಆದರೆ ಮುಂದಿನ ಪೀಳಿಗೆಗೆ ದಾಟುವ ವೈವಿಧ್ಯ 36 ಮರಗಳದಷ್ಟೇ. ಇಲ್ಲಿಗೇ ಮುಗಿಯುವುದಿಲ್ಲ. ಆ ನೂರು ಮರ ಐದು ಜಡ್ಡಿಗಳಲ್ಲಿ ಹಂಚಿಹೋಗಿ, ಒಂದು ಜಡ್ಡಿಯಲ್ಲಿ ಹೆಣ್ಣೇ ಇಲ್ಲ, ಇನ್ನೊಂದರಲ್ಲಿ ಇರುವ ಒಂದೇ ಹೆಣ್ಣಿಗೆ ಹತ್ತಿರದ ಗಂಡು ಹಳ್ಳದಾಚೆ ಎಂದಾದರೆ, 36 ಕೂಡ ಉಳಿಯುವುದಿಲ್ಲ.

ಉಳಿದದ್ದು ಹತ್ತರಷ್ಟು ಎಂದಿಟ್ಟುಕೊಳ್ಳಿ. ಹತ್ತು ಮರಗಳ ಬಂಡವಾಳದ ಗುಂಪು ಒಂದೊಂದು ಪೀಳಿಗೆಗೂ ತನ್ನ ವೈವಿಧ್ಯದ ಇಪ್ಪತ್ತನೆಯ ಒಂದು ಪಾಲನ್ನು, ಅಂದರೆ ನೂರಕ್ಕೆ ಐದನ್ನು ಕಳೆದುಕೊಳ್ಳುತ್ತದೆ. ಕಡಿಯುವವರು ಬೇಕಿಲ್ಲ, ಬೆಂಕಿ ಬೇಕಿಲ್ಲ. ಯಾವ ಬೀಜ ಬದುಕಿತು, ಯಾವುದು ಸತ್ತಿತು ಎಂಬ ಬರೀ ಅದೃಷ್ಟದ ಆಟದಲ್ಲೇ ಅಷ್ಟು ಸೋರಿಹೋಗುತ್ತದೆ. ಹತ್ತು ಪೀಳಿಗೆಗಳಲ್ಲಿ ಸುಮಾರು ನಲವತ್ತು ಭಾಗ ಖಾಲಿ. ಚಕ್ರಬಡ್ಡಿಯ ವಿಷಯ ಈ ಸಭೆಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಇದು ಅದೇ ಬಡ್ಡಿ, ಇಳಿಮುಖವಾಗಿ.

ಇಷ್ಟು ಹೇಳಿದೊಡನೆ ಓದಿಕೊಂಡವರೊಬ್ಬರು ಎದ್ದು ನಿಂತು ಕೇಳುತ್ತಾರೆ: ಹಾಗಾದರೆ ಆಸ್ಟ್ರೇಲಿಯಾದ ವೊಲೆಮಿ ಪೈನ್ ಹೇಗೆ ಬದುಕಿತು? ಕೇಳಬೇಕಾದ ಪ್ರಶ್ನೆಯೇ. ಉಳಿಕೆ ಮರಗಳ ಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿ ಪ್ರಶ್ನೆ ಇಲ್ಲ, ಸ್ವಲ್ಪ ನಿಲ್ಲೋಣ.

1994ರ ಸೆಪ್ಟೆಂಬರಿನಲ್ಲಿ ಸಿಡ್ನಿಯ ವಾಯವ್ಯಕ್ಕಿರುವ ವೊಲೆಮಿ ರಾಷ್ಟ್ರೀಯ ಉದ್ಯಾನದಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನದ ಸಿಬ್ಬಂದಿ ಹಗ್ಗ ಕಟ್ಟಿಕೊಂಡು ಆಳದ ಕೊರಕಲಿಗೆ ಇಳಿದರು. ಅಲ್ಲಿ ಅವರಿಗೆ ಗುರುತು ಸಿಗದ ಎತ್ತರದ ಮರಗಳಿದ್ದವು. ಅರೊಕೇರಿಯಾ ಕುಟುಂಬದ್ದು, ಕುಲವೇ ಹೊಸದು. ಮರುವರ್ಷ ವೊಲೆಮಿಯಾ ನೊಬಿಲಿಸ್ ಎಂದು ಹೆಸರಿಟ್ಟರು. ಅದರ ಪರಾಗವನ್ನು ಹೋಲುವ ಪಳೆಯುಳಿಕೆ ಪರಾಗ ಸುಮಾರು 9 ಕೋಟಿ ವರ್ಷ ಹಿಂದಿನ ಪದರಗಳಲ್ಲೂ ಇದೆ. ಕಾಡಿನಲ್ಲಿ ಬೆಳೆದು ನಿಂತ ಮರಗಳು ನೂರಕ್ಕಿಂತ ಕಡಿಮೆ. ಅವುಗಳ ಡಿಎನ್‌ಎಯನ್ನು ಆಗಿನ ವಿಧಾನಗಳಲ್ಲೆಲ್ಲ ಜಾಲಾಡಿದರೂ ಮರಮರಕ್ಕೆ ವ್ಯತ್ಯಾಸ ಸಿಗಲಿಲ್ಲ. 2000ದಲ್ಲಿ ಪ್ರಕಟವಾದ ಆ ಫಲಿತಾಂಶ ಸಂರಕ್ಷಣೆಯ ವಲಯದಲ್ಲಿ ದೊಡ್ಡ ಗಲಿಬಿಲಿಯನ್ನೇ ಎಬ್ಬಿಸಿತು. ವೈವಿಧ್ಯವಿಲ್ಲದೆಯೂ ಇಷ್ಟು ಕಾಲ ಬದುಕಿದ ಮೇಲೆ ವೈವಿಧ್ಯ ಬೇಕೇ ಬೇಕು ಎಂಬ ವಾದ ಎಲ್ಲಿ ನಿಲ್ಲುತ್ತದೆ?

ಉತ್ತರ ಸಿಗಲು ಬಹಳ ವರ್ಷ ಬೇಕಾಗಲಿಲ್ಲ. ಆ ಕೊರಕಲು ಎಲ್ಲಿದೆ ಎಂಬುದನ್ನು ಸರ್ಕಾರ ಗುಟ್ಟಾಗಿಟ್ಟಿತ್ತು. ಹಾಗಿದ್ದೂ 2005ರಲ್ಲಿ ಅಲ್ಲಿನ ಮಣ್ಣಿನಲ್ಲಿ ಫೈಟೋಫ್ತೊರಾ ಸಿನಮೊಮಿ ಕಂಡಿತು. ನಿಮ್ಮ ಅಡಿಕೆಗೆ ಕೊಳೆರೋಗ ತರುವುದರ ಒಡಹುಟ್ಟು ಅದು, ಬೇರು ಕೊಳೆಸುವ ಜಾತಿ. ಅನುಮತಿಯಿಲ್ಲದೆ ಇಳಿದವರ ಬೂಟಿನ ಮಣ್ಣಿನಲ್ಲಿ ಬಂದಿರಬೇಕು ಎಂಬುದು ಬಲವಾದ ಅನುಮಾನ. ಈ ರೋಗದ ಎದುರು ಒಂದು ವೊಲೆಮಿ ದುರ್ಬಲ ಎಂದರೆ ಎಲ್ಲವೂ ದುರ್ಬಲ. ಮುಂದೆ 2019–20ರ ಬೇಸಿಗೆಯ ಮಹಾಬೆಂಕಿಯಲ್ಲಿ ಹೆಲಿಕಾಪ್ಟರಿನಿಂದ ಸಿಬ್ಬಂದಿಯನ್ನು ಇಳಿಸಿ, ಮರಗಳ ನಡುವೆ ನೀರಿನ ಪೈಪು ಎಳೆದು, ವಿಮಾನದಿಂದ ಬೆಂಕಿತಡೆಯ ದ್ರಾವಣ ಸುರಿದು ಆ ಗುಂಪನ್ನು ಉಳಿಸಿಕೊಂಡರು. ಅಂದರೆ ಕೊರಕಲಿನ ತಂಪು, ತೇವ, ಒಂಟಿತನ ಬದಲಾಗದೆ ಇದ್ದಷ್ಟು ಕಾಲ ಆ ಮರಕ್ಕೆ ವೈವಿಧ್ಯದ ಖರ್ಚು ಬರಲಿಲ್ಲ. ಬದಲಾವಣೆ ಬಂದಾಗ ಜೇಬು ಖಾಲಿಯಿತ್ತು, ಸರ್ಕಾರ ತುಂಬಿತು. ನಮ್ಮ ಜಡ್ಡಿಗಳಿಗೆ ಹೆಲಿಕಾಪ್ಟರ್ ಬರುತ್ತದೆಂದು ನನಗೇನೂ ಭರವಸೆ ಇಲ್ಲ.

ನಮ್ಮ ಮರಗಳಿಗೆ ಇನ್ನೂ ಒಂದು ಅವಕಾಶವಿದೆ. ಅವು ಬೀಜದಿಂದ ಹುಟ್ಟುವವು, ಬೆರಕೆಯಿಂದ ಬದುಕುವವು. ಹಾಗಾಗಿ ಬೆರಕೆ ನಡೆಯುತ್ತಿದೆಯೇ ಎಂಬುದನ್ನು ನೋಡಬೇಕು. ಪರಾಗ ಒಯ್ಯುವವರು ಯಾರು? ಜಾಯಿಕಾಯಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ದುಂಬಿಗಳು ಈ ಕೆಲಸ ಮಾಡುತ್ತವೆ ಎಂದು ದಕ್ಷಿಣ ಭಾರತದಲ್ಲೇ ನಡೆದ ಅಧ್ಯಯನವೊಂದು 1986ರಲ್ಲಿ ತೋರಿಸಿತು. ಅಷ್ಟು ಸಣ್ಣ ಹುಳ ಒಂದು ಜಡ್ಡಿಯಿಂದ ಇನ್ನೊಂದಕ್ಕೆ, ನಡುವಿನ ತೋಟ, ರಸ್ತೆ, ಬಯಲು ದಾಟಿ ಹಾರುತ್ತದೆಂದು ನಂಬುವುದು ಕಷ್ಟ. ದೂರ ಹೋಗುವ ಕೆಲಸ ಬೀಜದ್ದು. ಕೆಂಪು ಪತ್ರೆ ಸುತ್ತಿದ ಆ ದಪ್ಪ ಬೀಜವನ್ನು ನುಂಗಿ ದೂರ ಹಾರಬಲ್ಲವು ಮಂಗಟ್ಟೆ ಹಕ್ಕಿ, ಮಲೆ ಪಾರಿವಾಳದಂಥ ಬಾಯಿ ದೊಡ್ಡ ಹಕ್ಕಿಗಳು ಮಾತ್ರ. ಸಿಂಗಳೀಕವೂ ಹಣ್ಣು ಬಿಡಿಸಿ ತಿನ್ನುತ್ತದೆ. ಶಿರಸಿ–ಹೊನ್ನಾವರ ಕಾಡುಗಳಲ್ಲಿ 600ಕ್ಕೂ ಹೆಚ್ಚು ಸಿಂಗಳೀಕಗಳಿವೆ ಎಂದು 2000ದ ದಶಕದ ಗಣತಿ ತೋರಿಸಿದ ಮೇಲೆಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದ ಜೊತೆ ಸೇರಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಕೋತಿಯ ಹೆಸರಿನಲ್ಲಿ ಮರಕ್ಕೂ ಬೇಲಿ ಸಿಕ್ಕಿತು, ಒಳ್ಳೆಯದೇ ಆಯಿತು.

ಮನುಷ್ಯರೂ ಆ ಪತ್ರೆಯ ಗಿರಾಕಿಗಳೇ. ರಾಮಪತ್ರೆಗೆ ಮಸಾಲೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಹಕ್ಕಿಗೆ ಮೊದಲು ತಾನು ಎಂದು ಕಾಯಿ ಬಿರಿಯುವ ಮುನ್ನವೇ ಕೊಂಬೆ ಕಡಿದು ಇಳಿಸುವವರಿದ್ದಾರೆ. ಪತ್ರೆ ಮಂಡಿಗೆ ಹೋಗುತ್ತದೆ, ಬೀಜ ಅಂಗಳದಲ್ಲಿ ಒಣಗುತ್ತದೆ. ಒಣಗಿದರೆ ಮುಗಿಯಿತು. ಈ ಜಾತಿಯ ಬೀಜ ಭತ್ತದ ಬೀಜದಂತೆ ಕಣಜದಲ್ಲಿ ಕಾಯುವಂಥದ್ದಲ್ಲ. ತೇವ ಆರಿದರೆ ಕೆಲವೇ ದಿನಗಳಲ್ಲಿ ಜೀವ ಹೋಗುತ್ತದೆ. ಬೀಜ ಬ್ಯಾಂಕಿನ ತಣ್ಣನೆಯ ಕೋಣೆಯಲ್ಲಿಟ್ಟು ನೂರು ವರ್ಷದ ನಂತರ ತೆಗೆಯುತ್ತೇವೆಂಬ ದಾರಿ ಇವಕ್ಕೆ ಮುಚ್ಚಿದೆ. ಮರವನ್ನು ಉಳಿಸಲು ಮರವನ್ನೇ ಬೆಳೆಸಬೇಕು.

ಬೆಳೆಸುವಾಗ ಏನಾಗುತ್ತದೆ? ಇಲ್ಲಿಯೇ ನನ್ನ ಮುಖ್ಯ ಆಕ್ಷೇಪಣೆ ಇರುವುದು. ನರ್ಸರಿಯವರು ಜೌಗಿಗೆ ಹೋಗುತ್ತಾರೆ. ಆ ವರ್ಷ ಚೆನ್ನಾಗಿ ಕಾಯಿ ಬಿಟ್ಟ, ರಸ್ತೆಗೆ ಹತ್ತಿರದ ಒಂದು ಹೆಣ್ಣು ಮರ ಕಣ್ಣಿಗೆ ಬೀಳುತ್ತದೆ. ಅದರ ಬುಡದಲ್ಲಿ ಬಿದ್ದ ಬೀಜವನ್ನೆಲ್ಲ ಚೀಲಕ್ಕೆ ತುಂಬುತ್ತಾರೆ. ಸಾವಿರ ಸಸಿ ಏಳುತ್ತವೆ. ಫೋಟೋ, ಫಲಕ, ವನಮಹೋತ್ಸವ. ಅಷ್ಟೂ ಸಸಿ ಒಬ್ಬ ತಾಯಿಯ ಮಕ್ಕಳು, ಬಹುಶಃ ಒಬ್ಬನೇ ತಂದೆಯವೂ. ಅವನ್ನು ಬೇರೆ ಬೇರೆ ಜಡ್ಡಿಗಳಲ್ಲಿ ನೆಟ್ಟರೆ ಮೂವತ್ತು ವರ್ಷದ ಮೇಲೆ ಎಲ್ಲ ಕಡೆ ಒಂದೇ ಮನೆಯ ಅಣ್ಣತಂಗಿಯರ ಮದುವೆ. ಎಣಿಕೆಯ ಪುಸ್ತಕದಲ್ಲಿ ನೂರು ಮರ ಸಾವಿರದ ನೂರಾಗಿರುತ್ತದೆ. ಬಂಡವಾಳ ಮೊದಲಿಗಿಂತ ಕಡಿಮೆಯಾಗಿರುತ್ತದೆ.

ಚೀನಾದ ಮೆಟಾಸೆಕೋಯಾದಲ್ಲಿ ಇದು ಈಗಾಗಲೇ ಆಗಿದೆ. 1941ರಲ್ಲಿ ಜಪಾನಿನ ಶಿಗೆರು ಮಿಕಿ ಪಳೆಯುಳಿಕೆಯಿಂದ ಹೆಸರಿಸಿದ ಮರ. ಅದೇ ದಶಕದಲ್ಲಿ ಹುಬೆ ಪ್ರಾಂತದ ಮೌದಾವೊ ಎಂಬ ಹಳ್ಳಿಯಲ್ಲಿ ಜೀವಂತ ನಿಂತಿರುವುದು ಗೊತ್ತಾಯಿತು. 1948ರಲ್ಲಿ ಅದರ ಬೀಜ ಅಮೆರಿಕದ ಆರ್ನಾಲ್ಡ್ ಅರ್ಬೊರೀಟಮ್ ಎಂಬ ಸಸ್ಯೋದ್ಯಾನದ ಮೂಲಕ ಜಗತ್ತಿಗೆಲ್ಲ ಹಂಚಿಹೋಯಿತು. ಇಂದು ಊರೂರ ಉದ್ಯಾನಗಳಲ್ಲಿ ಲಕ್ಷಣವಾಗಿ ಬೆಳೆದಿವೆ. ಆದರೆ ಒಂಟಿಯಾಗಿ ನಿಂತವು ತಮ್ಮ ಪರಾಗದಿಂದಲೇ ಕಟ್ಟಿದ ಬೀಜಗಳಲ್ಲಿ ಬಹುಪಾಲು ಜೊಳ್ಳು, ಹುಟ್ಟಿದ ಸಸಿಗಳೂ ಸೊರಗಿದವು. ಹೊರಗಿನಿಂದ ನೋಡಿದರೆ ಅಳಿವಿನಿಂದ ಪಾರಾದ ಮರದ ಕಥೆ. ಒಳಗೆ ಕೆಲವೇ ತಾಯಿಗಳ ಸಾಲ.

ಸಾಲ ಎಂದೆ. ಮರಗಳಲ್ಲಿ ಈ ಸಾಲ ತಡವಾಗಿ ಕಾಣುತ್ತದೆ. ನೂರೈವತ್ತು ವರ್ಷ ಹಿಂದೆ ಕಾನು ಅಖಂಡವಾಗಿದ್ದಾಗ ಹುಟ್ಟಿದ ಮರ ಇಂದೂ ನಿಂತಿದೆ. ಅದರ ಡಿಎನ್‌ಎಯಲ್ಲಿ ಆ ಕಾಲದ ವೈವಿಧ್ಯವೇ ಇದೆ. ಹಾಗಾಗಿ ದೊಡ್ಡ ಮರಗಳ ಎಲೆ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಸಮಾಧಾನವಾಗಿಯೇ ಬರುತ್ತದೆ. ಕಾಡು ತುಂಡಾದ ಮೇಲೆ ಹುಟ್ಟಿದ ಸಸಿಗಳ ಎಲೆಯನ್ನೂ ಕಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅಜ್ಜಿಯರಲ್ಲಿ ಇದ್ದದ್ದು ಮೊಮ್ಮಕ್ಕಳಲ್ಲಿ ಇದೆಯೇ ಎಂಬುದೇ ಪರೀಕ್ಷೆ. ಈ ಒಂದು ಹೋಲಿಕೆಯಿಲ್ಲದ ಯಾವ ತಳಿ ವರದಿಯನ್ನೂ ನಾನು ನಂಬುವುದಿಲ್ಲ. ಸ್ವಲ್ಪ ಖಾರವಾಗಿ ಹೇಳಿದೆನೇನೋ, ಇರಲಿ.

ಒಳ್ಳೆಯ ಕೆಲಸವೂ ನಡೆದಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಾಸುದೇವ ಮತ್ತು ಬೆಂಗಳೂರಿನ ಉಮಾಶಂಕರ್, ಗಣೇಶಯ್ಯ ಮೊದಲಾದವರು ಹೆಸರಿಟ್ಟ ಮರುವರ್ಷವೇ, 2001ರಲ್ಲಿ, ಕತ್ತಲೆಕಾನಿನ ಗೇರಿನ ಸಂಖ್ಯೆ, ಹೂ, ಬೀಜಗಳ ಅಧ್ಯಯನ ಪ್ರಕಟಿಸಿದರು. 2004ರಲ್ಲಿ ಅದರ ಡಿಎನ್‌ಎಯನ್ನು ನೆಂಟರ ಜೊತೆ ಹೋಲಿಸಿದ ಕೆಲಸವೂ ಬಂತು. ಸಸಿ ಬೆಳೆಸಿ ಜೌಗಿಗೆ ಮರಳಿಸುವ ಪ್ರಯತ್ನವೂ ಇಲ್ಲಿಯದೇ. ಇದು ಬೇರೆ ಮರಗಳಿಗೂ ಹಬ್ಬಬೇಕು, ಮತ್ತು ಹಬ್ಬುವಾಗ ಒಂದು ಸಣ್ಣ ಶಿಸ್ತು ಜೊತೆಗಿರಬೇಕು. ಪ್ರತಿ ತಾಯಿಮರಕ್ಕೂ ಒಂದು ನಂಬರು. ಸಸಿಯ ಚೀಲದ ಮೇಲೆ ತಾಯಿಯ ನಂಬರು. ಒಂದು ತಾಯಿಯಿಂದ ಇಷ್ಟೇ ಬೀಜ ಎಂಬ ಮಿತಿ, ಕಡಿಮೆ ಕಾಯಿ ಬಿಟ್ಟ ಮರದಿಂದಲೂ ತರಲೇಬೇಕೆಂಬ ಕಟ್ಟುಪಾಡು. ನೆಡುವಾಗ ಒಂದೇ ನಂಬರಿನವು ಅಕ್ಕಪಕ್ಕ ಬರದಂತೆ ನೋಡಿಕೊಳ್ಳುವುದು. ಇದಕ್ಕೆ ಪ್ರಯೋಗಾಲಯ ಬೇಡ, ಒಂದು ನೋಟುಪುಸ್ತಕ ಸಾಕು. ಗೋಶಾಲೆಯಲ್ಲಿ ಯಾವ ಹಸು ಯಾವ ಹೋರಿಯ ಕರು ಎಂದು ಬರೆದಿಡುವವರು ಈ ಊರಿನಲ್ಲೇ ಇದ್ದಾರೆ.

ಹತ್ತಿರದ ಜಡ್ಡಿಗಳ ನಡುವೆ ಬೀಜ ವಿನಿಮಯ ಮಾಡಬಹುದೇ? ಮಾಡಬಹುದು, ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಹಕ್ಕಿಗಳು ಮಾಡುತ್ತಿದ್ದುದನ್ನೇ ನಾವು ಮಾಡುತ್ತೇವೆ. ಕೇರಳದ ಸಿಜಿಜಿಯಮ್ ತಂದು ಇಲ್ಲಿ ನೆಡಬಹುದೇ ಎಂಬುದು ಬೇರೆ ಪ್ರಶ್ನೆ. ಅಲ್ಲಿನ ಮಳೆಗಾಲ ಉದ್ದ, ಬೇಸಿಗೆ ಗಿಡ್ಡ. ಎಷ್ಟೋ ಸಾವಿರ ವರ್ಷ ಬೇರೆಯಾಗಿ ಬದುಕಿದ ಎರಡು ಗುಂಪುಗಳು ತಮ್ಮ ತಮ್ಮ ಹವೆಗೆ ಒಗ್ಗಿರುತ್ತವೆ. ಬೆರೆಸಿದರೆ ಎರಡೂ ಕಡೆಯ ಹೊಂದಾಣಿಕೆ ಕೆಡಬಹುದು. ಬೆರೆಸದಿದ್ದರೆ ನಮ್ಮ ಕಡೆಯ ಸಣ್ಣ ಗುಂಪು ತನ್ನೊಳಗೇ ಕುಗ್ಗಬಹುದು. ಮೊದಲು ಎರಡರ ಡಿಎನ್‌ಎ ಅಂತರ ಅಳೆಯಲಿ. ಆಮೇಲೆ ಕಾಡಿನಿಂದ ದೂರದ ಒಂದು ಪ್ಲಾಟಿನಲ್ಲಿ ಬೆರಕೆ ಸಸಿ ಬೆಳೆಸಿ ನೋಡಲಿ. ಅಲ್ಲಿಯವರೆಗೆ ಉತ್ಸಾಹಿಗಳು ಕೇರಳದಿಂದ ಚೀಲದಲ್ಲಿ ಸಸಿ ತಂದು ಜಡ್ಡಿಗೆ ಇಳಿಸುವುದು ಬೇಡ. ಬೇರಿನ ಮಣ್ಣಿನ ಜೊತೆ ಏನು ಬರುತ್ತದೆಂದು ವೊಲೆಮಿ ಕೊರಕಲಿನವರನ್ನು ಕೇಳಿ.

ಇಷ್ಟೆಲ್ಲ ಮಾಡಿಯೂ ನೀರು ಹೋದರೆ ಮಾಡಿದ್ದು ಹೊಳೆಯಲ್ಲಿ ಹುಣಸೆ ತೊಳೆದಂತೆ. ಜಡ್ಡಿಗಳು ಹೆಚ್ಚು ಕಳೆದುಹೋದದ್ದು ಕೊಡಲಿಯಿಂದ ಅಲ್ಲ, ಗುದ್ದಲಿಯಿಂದ. ನೀರಿರುವ ಸಮತಟ್ಟಾದ ಕಣಿವೆ ಮರಕ್ಕೆ ಇಷ್ಟವಾದಷ್ಟೇ ಗದ್ದೆಗೂ ಅಡಿಕೆಗೂ ಇಷ್ಟ. ಕಾಲುವೆ ತೋಡಿ ನೀರು ಬಸಿದರೆ ಒಳ್ಳೆಯ ತೋಟವಾಗುತ್ತದೆ. ನಮ್ಮ ಹಿರಿಯರು ಹಾಗೆ ಮಾಡಿದರು. ಅವರೇ ಕೆಲವು ಕಾನುಗಳನ್ನು ದೇವರಿಗೆ ಬಿಟ್ಟು, ಅಲ್ಲಿ ಕೊಡಲಿ ಎತ್ತಬಾರದೆಂದರು. ಕಾನಿನ ತಂಪಿಲ್ಲದಿದ್ದರೆ ಕೆಳಗಿನ ತೋಟಕ್ಕೆ ಬೇಸಿಗೆಯಲ್ಲಿ ನೀರಿಲ್ಲ ಎಂಬ ಲೆಕ್ಕ ಅದರಲ್ಲಿತ್ತು. ಈಗಿನ ಒತ್ತಡ ಬೇರೆ ಬಗೆಯದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೆಲದಡಿ ಸುರಂಗ ಕೊರೆದು 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಮಾಡುವ ಪ್ರಸ್ತಾಪದ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಚರ್ಚೆಯಲ್ಲೂ ಮತ್ತೆ ಎಷ್ಟು ಮರ ಕಡಿಯುತ್ತಾರೆ ಎಂಬ ಎಣಿಕೆಯೇ ಮುಂದೆ ಬರುತ್ತದೆ. ಪರವಾಗಿರುವವರು ಸಂಖ್ಯೆ ಕಡಿಮೆ ಮಾಡಿ ಹೇಳುತ್ತಾರೆ, ವಿರೋಧಿಸುವವರು ಹೆಚ್ಚು ಮಾಡಿ ಹೇಳುತ್ತಾರೆ. ಇಬ್ಬರೂ ಕೇಳಬೇಕಾದದ್ದು, ಬಂಡೆಯೊಳಗೆ ಕೊರೆದಾಗ ಮೇಲಿನ ಒರತೆಗಳು ಎತ್ತ ತಿರುಗುತ್ತವೆ ಎಂಬುದು. ಒಂದು ಮರವನ್ನೂ ಮುಟ್ಟದೆ ಒಂದು ಜಡ್ಡಿಯನ್ನು ಕೊಲ್ಲಬಹುದು. ಒರತೆ ಬತ್ತಿದ ಜಡ್ಡಿಯಲ್ಲಿ ದೊಡ್ಡ ಮರಗಳು ಇನ್ನೂ ಹಲವು ದಶಕ ನಿಲ್ಲುತ್ತವೆ, ಎಣಿಕೆಗೂ ಸಿಗುತ್ತವೆ. ಬುಡದಲ್ಲಿ ಸಸಿ ಮಾತ್ರ ಏಳುವುದಿಲ್ಲ.

ಕೊನೆಯದಾಗಿ ತೋಟಿಗರಿಗೆ ಒಂದು ಕೋರಿಕೆ. ಅಭಯಾರಣ್ಯದ ಗಡಿಯ ಹೊರಗೆ, ನಿಮ್ಮ ಬೆಟ್ಟದ ಅಂಚಿನಲ್ಲಿ, ಹಳ್ಳದ ಮೂಲೆಯಲ್ಲಿ ಒಂದೊಂದು ಒಂಟಿ ಪತ್ರೆ ಮರ, ಗುರುತಿಲ್ಲದ ಹಿಪ್ಪೆಯಂಥ ಮರ ನಿಂತಿರಬಹುದು. ಇಲಾಖೆಯ ಗಣತಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಕಾಡಿನ ದೊಡ್ಡ ಗುಂಪಿನಲ್ಲಿ ಅಳಿದುಹೋದ ಒಂದು ಎಳೆ ಅದರಲ್ಲೇ ಉಳಿದಿರುವ ಸಾಧ್ಯತೆ ಇದೆ. ಬುಡದಲ್ಲಿ ಹತ್ತು ಗಜ ಸೊಪ್ಪು ಕೊಯ್ಯದೆ ಬಿಡಿ. ಹೂ ಬಿಟ್ಟಾಗ ಗಂಡೋ ಹೆಣ್ಣೋ ನೋಡಿ ಬರೆದಿಡಿ. ಕಾಯಿಯಾದರೆ ಅರಣ್ಯ ಮಹಾವಿದ್ಯಾಲಯದ ನರ್ಸರಿಯವರಿಗೆ ಅದೇ ವಾರ, ಬೀಜ ಒಣಗುವ ಮೊದಲು, ಸುದ್ದಿ ಮುಟ್ಟಿಸಿ. ಪತ್ರೆ ನೀವೇ ಇಟ್ಟುಕೊಳ್ಳಿ, ಬೇಕಾದದ್ದು ಬೀಜ.